ಏರು ಹತ್ತದ ಹೊಸ ಕಾರು, ಒಡೆಯಬಾರದ ಸೀಲು

ನಗರದ ಮೋಟಾರು ಏಜೆನ್ಸಿಯ ಮ್ಯಾನೇಜರ್ ಸಾಹೇಬರಿಗೆ,

ಮಾನ್ಯರೇ, ತಾವು ನನಗೆ ಮಾರಿದ ಹೊಚ್ಚಹೊಸ ಕಾರು ಮಾಗಡಿ ರಸ್ತೆಯ ಏರನ್ನು ಹತ್ತುವುದಿಲ್ಲ. ತಮ್ಮ ಕೋಣೆಗೆ ಬಂದು ಹೇಳಿಯಾಯಿತು, ತಾವು ನಕ್ಕದ್ದೂ ಆಯಿತು. ಆದ್ದರಿಂದ ಈಗ ಈ ಬಹಿರಂಗ ಪತ್ರದಲ್ಲಿ ಊರಿನ ಮುಂದೆ ಹೇಳುತ್ತಿದ್ದೇನೆ.

ಕಾರು ಕೊಟ್ಟ ದಿನ ನೆನಪಿದೆಯೇ? "ನಾಳೆಯಿಂದ ಆಷಾಢ ಸಾರ್, ಇವತ್ತೇ ತಗೊಂಡ್ಹೋಗ್ಬಿಡಿ" ಎಂದು ಅವಸರಪಡಿಸಿದವರು ತಮ್ಮದೇ ಗುಮಾಸ್ತರು. ಚಕ್ರದಡಿ ನಿಂಬೆಹಣ್ಣು ಇಟ್ಟವರೂ ಅವರೇ. ಆಷಾಢದಲ್ಲಿ ಹೊಸ ಗಾಡಿ ಹೊರಡಿಸಬಾರದೆಂದು ನಾವು ಅದನ್ನು ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದೆವು. ನನ್ನ ಹೆಂಡತಿ ಶಿವಗಂಗಮ್ಮ ದಿನಾ ವಿಭೂತಿ ಹಚ್ಚಿದಳು. ನಿಂತಿರುವಷ್ಟು ದಿನ ತಮ್ಮ ಕಾರಿನ ಮೇಲೆ ನಮಗೆ ಯಾವ ದೂರೂ ಇರಲಿಲ್ಲ.

ಆದರೆ ಹೆರಿಗೆ ನೋವು ಪಂಚಾಂಗ ಕೇಳಿ ಬರುತ್ತದೆಯೇ? ಆಷಾಢ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಚೊಚ್ಚಲ ಬಸುರಿಯಾದ ಮಗಳು ಬಸವರಾಜೇಶ್ವರಿಗೆ ನೋವು ಕಾಣಿಸಿಕೊಂಡಿತು. ಶಾಸ್ತ್ರ ಬದಿಗಿಟ್ಟು ಕಾರು ತೆಗೆದೆ. ಏರಿನ ಅರ್ಧಕ್ಕೆ ಅದು ನಡುಗಿತು, ನಿಂತಿತು. ಎಷ್ಟು ಒತ್ತಿದರೂ ಸದ್ದೇ ಹೊರತು ಓಟವಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ನರಳುತ್ತಿದ್ದಳು. ಶಿವಗಂಗಮ್ಮ ಇಳಿದು, ದಾರಿಹೋಕರನ್ನು ಕೂಗಿ ಕರೆದು, ಸೆರಗು ಸಿಕ್ಕಿಸಿ ಕಾರು ತಳ್ಳುತ್ತಿದ್ದಳು. ಆಗ ಜಟಕಾ ನಿಲ್ಲಿಸಿದವನು ನಮ್ಮ ಬೀದಿಯ ಚಿಕ್ಕಹನುಮಯ್ಯ. "ಅಮ್ಮಾರೇ, ಮಗಳನ್ನ ನನ್ ಗಾಡಿಗೆ ಹತ್ಸಿ. ಯಜಮಾನ್ರು ಹಿಂದಿಂದ ತಳ್ಳಿಸ್ಕೊಂಡ್ ಬರ್ಲಿ" ಎಂದ. ನನ್ನ ಮೊಮ್ಮಗ ಹುಟ್ಟಿದ್ದು ಆಸ್ಪತ್ರೆಯ ಗೇಟು ದಾಟುವ ಮುನ್ನ, ಆ ಜಟಕಾದ ಹುಲ್ಲಿನ ಮೇಲೆ. ತಾಯಿ ಮಗು ಇಬ್ಬರೂ ಉಳಿದರು.

ಮರುದಿನ ತಮ್ಮ ವರ್ಕ್‌ಶಾಪಿನಲ್ಲಿ ಬಾನೆಟ್ ತೆಗೆಸಿದಾಗ ವಿಷಯ ತಿಳಿಯಿತು. ಕಾರ್ಬುರೇಟರಿನ ಕೆಳಗೆ ಸಣ್ಣ ತೂತಿನ ಒಂದು ತಗಡು, ಅದಕ್ಕೆ ನಾವಾಗಿ ಒಡೆಯಬಾರದ ಕಂಪನಿಯ ಸೀಸದ ಸೀಲು. ಹೊಸ ಇಂಜಿನ್ನು ಹದಕ್ಕೆ ಬರುವವರೆಗೆ ಜೋರಾಗಿ ಓಡದಿರಲಿ ಎಂದು ಅದರ ಉಸಿರು ಹಿಡಿದಿಡುವ ಏರ್ಪಾಡಂತೆ. ಇರಲಿ, ಹದ ಬೇಕು, ಒಪ್ಪಿದೆ. ಅದನ್ನು ಮಾರುವಾಗ ಹೇಳದಂತೆ ತಮ್ಮ ಬಾಯಿಗೂ ಯಾರಾದರೂ ಸೀಲು ಒತ್ತಿದ್ದರೇ?

ತಮ್ಮ ಕೋಣೆಗೆ ಬಂದು ಅದನ್ನು ತೆಗೆಸಿಕೊಡಿ ಎಂದು ಕೇಳಿದರೆ ತಾವು ನಕ್ಕು, "ಐನೂರು ಮೈಲಿ ಓಡ್ದೆ ತೆಗೆಯೋ ಹಾಗಿಲ್ಲ ರೀ. ಕಾರು ಓಡ್ಸೋಕಿರೋದು, ಪೂಜೆ ಮಾಡೋಕಲ್ಲ. ಹೊಸ ಇಂಜಿನ್ ಅಂದ್ರೆ ಹಸುಗೂಸಿದ್ದಂಗೆ" ಎಂದಿರಿ. ಮಾರಾಟಕ್ಕೆ ಬೇಕಾದ ಆಷಾಢ ಮೈಲಿಯ ಲೆಕ್ಕಕ್ಕೆ ಬೇಡವೇ? ಆಷಾಢವೆಂದು ಶೆಡ್ಡಿನಲ್ಲಿ ನಿಂತ ಕಾರಿಗೆ ಐನೂರು ಮೈಲಿ ಎಲ್ಲಿಂದ ಬರಬೇಕು? ಇಂಜಿನ್ನಿನ ಮೇಲೆ ಇಷ್ಟು ಕನಿಕರವುಳ್ಳ ತಾವು, ನನ್ನ ಮನೆಯ ಹಸುಗೂಸು ಹೇಗಿದೆಯೆಂದು ಒಂದು ಮಾತು ಕೇಳಲಿಲ್ಲ. ಅಸಹ್ಯವಾಯಿತು, ಸಾಹೇಬರೇ. ತಮ್ಮ ಕಾಫಿಯನ್ನು ಮುಟ್ಟದೆ ಎದ್ದು ಬಂದದ್ದು ಅದಕ್ಕೇ.

ಇನ್ನು ಮುಂದೆ ಬೀಗದ ಕೈ ಕೊಡುವ ಮೊದಲು ಆ ತಗಡಿನ ವಿಷಯ ಬಾಯಿಬಿಟ್ಟು ಹೇಳಬೇಕು. ಮನೆಯಲ್ಲಿ ಬಸುರಿ, ರೋಗಿ ಇದ್ದವರಿಗೆ ಕೇಳಿದೊಡನೆ ತೆಗೆದುಕೊಡಬೇಕು. ನನ್ನದನ್ನು ಈ ವಾರವೇ ತೆಗೆಯಬೇಕು, ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತರಬೇಕಾಗಿದೆ. ಕಾರು ತರಲೇ ಎಂದು ನಿನ್ನೆ ಅವಳನ್ನು ಕೇಳಿದೆ. "ನೀವು ಕಾರಲ್ಲಿ ಬನ್ನಿ ಅಪ್ಪಾಜಿ. ನಾನೂ ಮಗೂನೂ ಚಿಕ್ಕಹನುಮಯ್ಯನ ಗಾಡೀಲಿ ಮೊದ್ಲೇ ಹೋಗಿ ಬಾಗಿಲು ತೆಗೆದಿರ್ತೀವಿ" ಎಂದಳು.

ಇಂತಿ,
ಹೊಸ ಕಾರಿನ ಮಾಲೀಕ, ಹಳೆಯ ಜಟಕಾದ ಋಣಿ,
ಸಿದ್ದಬಸಪ್ಪ
ರಾಜಾಜಿನಗರ