ಮಲ್ಲಕ್ಕನ ಪಾಲು

ಸಯನ್, ಮುಂಬಯಿ
ಭಾನುವಾರ, ಡಿಸೆಂಬರ್ ೮, ೧೯೭೪

ಅವ್ವನ ಮಗನಿಗೆ ನೀಲಾಳ ನಮಸ್ಕಾರ.

ಹೀಗೆ ಕರೆದದ್ದು ವಿಚಿತ್ರವಾಗಿ ಕಾಣಬಹುದು. ನಿಮ್ಮ ಹೆಸರು ಹಿಡಿದು ಬರೆಯುವ ರೂಢಿ ನನಗಿಲ್ಲ. ಮೊದಲಿನ ಪತ್ರಗಳಲ್ಲಿ ಬರೆಯುತ್ತಿದ್ದ ಮಾತು ಈಗ ಬರೆಯಬಹುದೋ ಬಾರದೋ ತಿಳಿಯದು. ಅವ್ವ ಮಾತ್ರ ಇನ್ನೂ ನಮ್ಮಿಬ್ಬರಿಗೂ ಸೇರಿದವಳು. ಅವಳಿಂದಲೇ ಶುರು ಮಾಡುತ್ತೇನೆ.

ಅವ್ವ ನಡೆಯುತ್ತಾಳೆ. ಬಲಗಾಲನ್ನು ತುಸು ಎಳೆಯುತ್ತಾಳೆ, ಆದರೆ ಯಾರ ಹೆಗಲೂ ಬೇಡ. ತಾನೇ ಮಾಳಿಗೆ ಇಳಿದು ಸ್ಟೇಷನ್ ಹತ್ತಿರದ ಭಾಜಿಯವಳೊಂದಿಗೆ ತನ್ನ ಮರಾಠಿಯಲ್ಲಿ ಜಗಳಾಡಿ, ಮೆಂತ್ಯದ ಸೂಡಿನ ಮೇಲೆ ಕೊತ್ತಂಬರಿ ಪುಕ್ಕಟೆ ಹಾಕಿಸಿಕೊಂಡು ಬರುತ್ತಾಳೆ. ಈ ಮನೆಯ ಒಲೆಯ ಮೇಲೆ ಆ ಚೀನೀ ಬೇರಿನ ಕಷಾಯ ಕುದಿಯುತ್ತಿರುವವರೆಗೆ ಹೊಸ್ತಿಲು ತುಳಿಯುವುದಿಲ್ಲವೆಂದು ಹೇಳಿ ನೀವು ಧಾರವಾಡದ ಬ್ಯಾಂಕಿಗೆ ವರ್ಗ ಮಾಡಿಸಿಕೊಂಡಿರಿ. ಈಗ ಅದು ಕುದಿಯುತ್ತಿಲ್ಲ. ಮಳೆಗಾಲದಲ್ಲೇ ನಿಲ್ಲಿಸಿದೆ. ನಿಮ್ಮ ಮಾತು ಗೆದ್ದಿತೆಂದು ತಿಳಿಯಬೇಡಿ, ಕಾರಣ ಬೇರೆಯೇ ಇದೆ. ಅದನ್ನು ಹೇಳಿ, ಒಂದು ಉಪಕಾರ ಕೇಳಲಿಕ್ಕೆ ಬರೆಯುತ್ತಿದ್ದೇನೆ.

ಅವ್ವನ ಹಿಮ್ಮಡಿಯ ಹುಣ್ಣು ನಿಮಗೆ ನೆನಪಿದೆ. ಸಕ್ಕರೆ ರೋಗ, ಕಾಲಿಗೆ ರಕ್ತ ಇಳಿಯುತ್ತಿಲ್ಲ, ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದರು ಡಾಕ್ಟರು. ನೀವು ಒಪ್ಪಿದಿರಿ. ನಾನು ಸ್ವಲ್ಪ ದಿನದ ಗಡುವು ಕೇಳಿ ಮಝಗಾಂವದ ಮಿಸೆಸ್ ಲಿಯಾಂಗ್ ಹೆಸರು ಹೇಳಿದೆ. ಇಲ್ಲೇ ನೆಲೆಸಿದ ಚೀನೀ ಹೆಂಗಸು, ಹಲ್ಲಿನ ಡಾಕ್ಟರೊಬ್ಬರ ವಿಧವೆ, ಚೀನಾದ ಬೇರು ನಾರು ಬಲ್ಲವಳು. ನೀವು ಕೂಗಾಡಲಿಲ್ಲ. ಗೋಡೆಯಿಂದ ಸಂಗಪ್ಪನ ಫೋಟೋ ಇಳಿಸಿ, ಅಂಗಿಯ ಚುಂಗಿನಿಂದ ಒರೆಸಿ ಟ್ರಂಕಿನಲ್ಲಿಟ್ಟುಕೊಂಡಿರಿ. ಆಮೇಲೆ ಹೇಳಿದಿರಿ: “ನನ್ನ ತಮ್ಮನ್ನ ನುಂಗಿದವರ ಔಷಧ ನನ್ನ ಅವ್ವಗ ಬ್ಯಾಡ.” ರಕ್ತನಾಳಗಳಿಗೆ ಗಡಿ ಗೊತ್ತಿರುವುದಿಲ್ಲ ಎಂದು ನಾನು ಉತ್ತರ ಕೊಟ್ಟೆ. ಆ ಮಾತು ಇಂದಿಗೂ ಸುಳ್ಳೆನಿಸುವುದಿಲ್ಲ. ಆದರೆ ಅರವತ್ತೆರಡರ ಯುದ್ಧದಲ್ಲಿ ಚೀನಾದ ಗಡಿಯಲ್ಲಿ ಸತ್ತ ತಮ್ಮನ ಫೋಟೋ ಕೈಯಲ್ಲಿ ಹಿಡಿದವನಿಗೆ ಹೇಳುವ ಮಾತಾಗಿರಲಿಲ್ಲ ಅದು.

ನೀವು ಹೋದ ಮೇಲಿನದು ನಿಮಗೆ ತಿಳಿಯದು. ತಾನು ಕಣ್ಣಾರೆ ನೋಡದವರ ಕೈಯ ಔಷಧ ಕುಡಿಯುವುದಿಲ್ಲವೆಂದು ಅವ್ವ ಹಟ ಹಿಡಿದಳು. ಟ್ಯಾಕ್ಸಿಯಲ್ಲಿ ಮಲಗಿಸಿಕೊಂಡೇ ಹೋದೆ. ಮಿಸೆಸ್ ಲಿಯಾಂಗ್ ಅಪ್ಪಟ ಬಂಬೈ ಹಿಂದಿ ಆಡುವ ಗಿಡ್ಡ ಹೆಂಗಸು. ಅವ್ವ ಆಕೆಯ ಮುಖವನ್ನೇ ಬಹಳ ಹೊತ್ತು ನೋಡಿ ನನಗೆ ಹೇಳಿದಳು: “ನನ್ನ ಸಂಗಪ್ಪ ಹಿಮದಾಗ ಸತ್ತ. ಈಕಿ ಆವಾಗ ಎಲ್ಲಿದ್ದಳು, ಕೇಳು.” ಕೇಳಲು ನಾಚಿಕೆಯಾಯಿತು, ಆದರೂ ಕೇಳಿದೆ. ಇದೇ ಮನೆಯಲ್ಲಿ, ಬಾಗಿಲು ಹಾಕಿಕೊಂಡು ಕೂತಿದ್ದೆ ಎಂದಳು ಆಕೆ. ಚೀನೀಯನೆಂಬ ಕಾರಣಕ್ಕೆ ಗಂಡನನ್ನು ಪೊಲೀಸರು ರಾಜಸ್ಥಾನದ ಶಿಬಿರಕ್ಕೆ ಒಯ್ದಿದ್ದರಂತೆ. ಕೆಮ್ಮು ಹಚ್ಚಿಕೊಂಡು ಬಂದವನು ಬಹಳ ದಿನ ಉಳಿಯಲಿಲ್ಲವಂತೆ. ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮುಂಚೆಯೇ ಅವ್ವ ಸೆರಗು ಸರಿಪಡಿಸಿಕೊಂಡು ಕಾಲು ಮುಂದೆ ಚಾಚಿದ್ದಳು.

ಆಕೆ ನಾಡಿ ಹಿಡಿದಳು, ನಾಲಿಗೆ ನೋಡಿದಳು. ಅಜವಾನದಂಥ ವಾಸನೆಯ ಒಂದು ಬೇರನ್ನು ಮುಖ್ಯವಾಗಿಟ್ಟು ಪುಡಿಕೆ ಕಟ್ಟಿದಳು. ಕೊಡುವಾಗ, “ಏಕ್ ಪುಡಿಯಾ, ಏಕ್ ಆದ್ಮಿ” ಎಂದಳು. ಯಾರನ್ನು ನೋಡಿ ಕಟ್ಟಿದ್ದೋ ಅವರಿಗೆ ಮಾತ್ರ. ನಾನು ಅದನ್ನು ಅಂಗಡಿಯವರು ಗಿರಾಕಿ ಕೈತಪ್ಪದಿರಲೆಂದು ಹೇಳುವ ಮಾತಿನಂತೆ ಕೇಳಿ, ಪುಡಿಕೆಗಳನ್ನು ಪರ್ಸಿನಲ್ಲಿ ಹಾಕಿಕೊಂಡೆ.

ಪಾಠ ಹೇಳುವವಳ ಬುದ್ಧಿ ಸುಮ್ಮನಿರಲಿಲ್ಲ. ಕಾಲೇಜಿನಲ್ಲಿ ಹುಡುಗಿಯರಿಗೆ ಭ್ರೂಣ ತೋರಿಸಲು ಕಾವು ಕೊಟ್ಟ ಕೋಳಿತತ್ತಿ ತರಿಸುತ್ತೇವಲ್ಲ, ಅದರ ಚಿಪ್ಪಿನಲ್ಲಿ ಪುಟ್ಟ ಕಿಟಕಿ ಕತ್ತರಿಸಿ, ಒಳಗಿನ ಪೊರೆಯ ಮೇಲೆ ಆ ಬೇರಿನ ರಸ ಅದ್ದಿದ ಕಾಗದದ ಚೂರು ಇಟ್ಟೆ. ಕೆಲವು ದಿನ ಬಿಟ್ಟು ನೋಡಿದರೆ ರಕ್ತನಾಳಗಳು ದಾರಿ ಬಿಟ್ಟು ಆ ಚೂರಿನ ಕಡೆಗೆ ಬಾಗಿದ್ದವು, ಸೈಕಲ್ ಗಾಲಿಯ ಕಡ್ಡಿಗಳಂತೆ. ಬರೀ ನೀರಿಟ್ಟ ತತ್ತಿಯಲ್ಲಿ ಹಾಗಾಗಲಿಲ್ಲ. ರಸವಿಟ್ಟ ಒಂದೆರಡರಲ್ಲೂ ಆಗಲಿಲ್ಲ, ಅದನ್ನೂ ಹೇಳಿಬಿಡಬೇಕು. ಕವಿಗಳು ರಕ್ತ ಹರಿಯುವುದನ್ನು ಬರೆದದ್ದು ಎಷ್ಟೋ ಓದಿದ್ದೇನೆ. ಅದು ದಾರಿ ಹುಡುಕುವುದನ್ನು ಯಾರೂ ಬರೆದಂತಿಲ್ಲ. ತೋರಿಸಲು ನೀವಿರಲಿಲ್ಲ. ಅವ್ವನಿಗಂತೂ ಹೇಳುವಂತಿರಲಿಲ್ಲ. ತತ್ತಿ ಮುಟ್ಟಿದ ಕೈಯೆಂದರೆ ಅಡುಗೆಮನೆಗೆ ಬಿಡುತ್ತಿದ್ದಳೇ? ಕಾಲೇಜಿನಿಂದ ಬಂದು ಮತ್ತೆ ಜಳಕ ಮಾಡುತ್ತಿದ್ದ ನನ್ನನ್ನು ನೋಡಿ, ನೀಲಾಗ ವಯಸ್ಸಾದ ಮ್ಯಾಲೆ ಮಡಿ ಬಂತು ಎಂದು ನೆರೆಯವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಹುಣ್ಣಿನ ಬೂದುಬಣ್ಣ ಹೋಗಿ ಅಂಚು ಕೆಂಪಾಯಿತು. ಮಾಂಸ ತುಂಬಿಕೊಂಡಿತು. ಬೇರಿನಿಂದಲೋ, ಇನ್ಸುಲಿನ್ನಿನಿಂದಲೋ, ದಿನಾ ತೊಳೆದು ಕಟ್ಟಿದ್ದರಿಂದಲೋ, ನಾನು ಆಣೆಯಿಟ್ಟು ಹೇಳಲಾರೆ. ಆಗ ಮಾತ್ರ ಬೇರಿನಿಂದಲೇ ಎಂದು ನಂಬಿದ್ದೆ.

ಎದುರು ಮನೆಯ ಮಲ್ಲಕ್ಕನನ್ನು ನೀವು ಬಲ್ಲಿರಿ. ವಿಜಾಪುರದ ಕಡೆಯವಳು, ನಿಮ್ಮನ್ನು ಕಂಡರೆ ಬ್ಯಾಂಕಿನ ಮಾವ ಎಂದು ಕಾಡಿಸುತ್ತಿದ್ದಳು. ನೀವು ಮನೆ ಬಿಟ್ಟ ವರ್ಷವೇ ಅವಳಿಗೆ ಎದೆಯಲ್ಲೊಂದು ಗಂಟಾಗಿ ಆಪರೇಷನ್ ಆಯಿತು, ಎಲ್ಲ ತೆಗೆದಿದ್ದೇವೆ ಎಂದು ಕಳಿಸಿದರು. ಸೊರಗಿ ಬಂದವಳನ್ನು ಅವ್ವ ನೋಡಿದಳು. ನಿಮ್ಮ ಅವ್ವನ ಸ್ವಭಾವ ನಿಮಗೆ ಹೇಳಬೇಕೇ? ಲಿಂಗಪೂಜೆಯಾದ ಮೇಲೆ ಇನ್ನೊಬ್ಬರಿಗೆ ಕೊಡದೆ ಒಂದು ಗುಟುಕು ಚಹಾ ಕೂಡ ಬಾಯಿಗಿಡದವಳು. ಅವಳಿಗೆ ದಾಸೋಹವೆಂದರೆ ಮಠದ ಪಂಕ್ತಿಯಲ್ಲ, ಬೆಳಗಿನ ಬಟ್ಟಲು. ಆ ಕಷಾಯವನ್ನೂ ಎರಡು ಬಟ್ಟಲು ಮಾಡಿದಳು. ಚಿಕ್ಕದು ಮಲ್ಲಕ್ಕನ ಪಾಲು. ಮೊದಲು ಅದು ಎದುರು ಮನೆಗೆ ಹೋಗಬೇಕು, ಆಮೇಲೆ ಅವ್ವ ಕುಡಿಯಬೇಕು. ನನಗದು ಚೆಂದವೇ ಕಂಡಿತು. ಪಾತ್ರೆಗೆ ಹೆಚ್ಚು ನೀರು ಹಾಕಿದವಳು ನಾನೇ.

ಈ ಮಳೆಗಾಲದಲ್ಲಿ ಲೈಬ್ರರಿಯಲ್ಲಿ ಒಂದು ಹಳೆಯ ವೈದ್ಯಪತ್ರಿಕೆ ಕೈಗೆ ಬಂತು. ಅಮೆರಿಕದ ಸರ್ಜನ್ನರೊಬ್ಬರ ಲೇಖನ. ಮಲ್ಲಕ್ಕನಿಗಿದ್ದಂಥ ಕ್ಯಾನ್ಸರ್ ಗಂಟು ಮೊದಲಿಗೆ ಜೋಳದ ಕಾಳಿನಷ್ಟೇ ಇದ್ದು ಸುಮ್ಮನಿರಬಲ್ಲದು, ಮೈಯ ರಕ್ತನಾಳಗಳನ್ನು ತನ್ನ ಕಡೆ ಕರೆದುಕೊಂಡ ಮೇಲೆಯೇ ಅದು ಬೆಳೆಯುವುದು ಎಂದು ಬರೆದಿದ್ದರು. ಓದುತ್ತ ಓದುತ್ತ ನನ್ನ ತತ್ತಿಯ ಕಿಟಕಿ ಕಣ್ಣ ಮುಂದೆ ಬಂತು. ಬೇರು ನಾಳಗಳನ್ನು ಬಾ ಎನ್ನುತ್ತದೆ, ಸರಿ. ಹುಣ್ಣಿಗೋ ಗಂಟಿಗೋ ಎಂದು ಅದು ಕೇಳುತ್ತದೆಯೇ?

ಅಂದೇ ಪುಡಿಕೆಗಳನ್ನು ಎತ್ತಿಟ್ಟೆ, ಅವ್ವನಿಗೆ ಸ್ಟಾಕ್ ಇಲ್ಲವಂತೆ ಎಂದೆ. ದಸರೆಯ ಹೊತ್ತಿಗೆ ಮಲ್ಲಕ್ಕನ ಕಂಕುಳಲ್ಲಿ ಮತ್ತೆ ಗಂಟು ಕಂಡಿತು. ಕಷಾಯದಿಂದ ಹೀಗಾಯಿತೇ ಎಂದು ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ. ಏನೂ ಕುಡಿಯದವರಿಗೂ ಹೀಗೆ ತಿರುಗಿ ಬರುತ್ತದೆ ತಾಯಿ, ಯಾರೂ ಏನೂ ಹೇಳಲಾರರು ಎಂದರು. ಅದು ಸಮಾಧಾನವೂ ಹೌದು, ಶಿಕ್ಷೆಯೂ ಹೌದು. ಮಿಸೆಸ್ ಲಿಯಾಂಗ್ ಹತ್ತಿರ ಹೋದೆ. ಬೈಯಲಿಲ್ಲ ಆಕೆ. ಇನ್ನೊಬ್ಬಳ ನಾಡಿ ನಾನು ನೋಡಿರಲಿಲ್ಲವಲ್ಲ ಎಂದಷ್ಟೇ ಹೇಳಿ ಅಜವಾನ ನಾರುವ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಈಗ ಉಪಕಾರದ ಮಾತು. ಮಲ್ಲಕ್ಕ ಉಳಿಯುವುದಿಲ್ಲ. ಅವ್ವ ದಿನವೆಲ್ಲ ಅವಳ ತಲೆ ಬಾಚುತ್ತ, ಗಂಜಿ ಕುಡಿಸುತ್ತ ಕೂತಿರುತ್ತಾಳೆ. ಸಂಜೆ ಬಂದು ನನ್ನ ಜೊತೆ ಒಂದೇ ಜಗಳ: ಸತ್ತ ಕಾಲನ್ನು ಎಬ್ಬಿಸಿದ ಕಷಾಯ ಅದು, ಅವಳಿಗೆ ಯಾಕೆ ಮಾಡಿ ಕೊಡುವುದಿಲ್ಲ? ಸ್ಟಾಕ್ ಇಲ್ಲವೆಂಬುದನ್ನು ಅವಳು ನಂಬುವುದಿಲ್ಲ. ನಿಮ್ಮನ್ನು ಮನೆಗೆ ಕರೆಸಿಕೊಳ್ಳಲು ನಾನು ಒಲೆ ಆರಿಸಿದ್ದೇನೆಂದು ತಿಳಿದಿದ್ದಾಳೆ. “ಗಂಡ ಬರಲಿ ಅಂತ ಮಲ್ಲಿ ಜೀವ ಕೊಡ್ತಿ ಏನ?” ಎಂದು ಮೊನ್ನೆ ಕೇಳಿದಳು. ಹಾಗೆ ತಿಳಿದರೇ ಒಳ್ಳೆಯದು. ತಾನು ಕೈಯಾರೆ ಕೊಟ್ಟ ಬಟ್ಟಲು ಏನು ಮಾಡಿರಬಹುದೆಂಬ ಅನುಮಾನ ಆ ಜೀವಕ್ಕೆ ಬರಬಾರದು. ಆದರೆ ಈಗ ಕಾಲಿದೆ, ತಾನೇ ಮಝಗಾಂವಕ್ಕೆ ಹೋಗುವೆನೆನ್ನುತ್ತಾಳೆ.

ಆದ್ದರಿಂದ ನೀವು ಬರಬೇಕು. ಬಂದು ನಿಮ್ಮ ಹಳೆಯ ಮಾತನ್ನೇ ಹೇಳಿ. ಸಂಗಪ್ಪನ ಹೆಸರು ಹೇಳಿ ಆ ಔಷಧ ಈ ಮನೆಯಲ್ಲಿ ಕೂಡದು ಎನ್ನಿ. ನನ್ನ ಮಾತು ಮೀರಿದರೂ ಸತ್ತ ಮಗನ ಹೆಸರನ್ನು ಅವ್ವ ಮೀರಲಿಕ್ಕಿಲ್ಲ. ನಿಮ್ಮನ್ನು ಬೈಯುತ್ತಾಳೆ, ಶಪಿಸಿದರೂ ಶಪಿಸಬಹುದು. ಅದನ್ನು ಹೊತ್ತುಕೊಳ್ಳಿ. ಯಾವ ಮಾತಿಗಾಗಿ ನಿಮ್ಮನ್ನು ಕಳೆದುಕೊಂಡೆನೋ ಆ ಮಾತನ್ನೇ ಈಗ ಬೇಡಿಕೊಳ್ಳುತ್ತಿದ್ದೇನೆ. ನಗು ಬಂದರೆ ನಕ್ಕುಬಿಡಿ.

ನನಗಾಗಿ ಕರೆಯುತ್ತಿಲ್ಲ. ಅವ್ವನಿಗಾಗಿ.

ಇತಿ,
ನೀಲಾ

ಮರೆತ ಮಾತು: ಮಂಗಳವಾರ. ಲಕೋಟೆ ಅಂಟಿಸುವುದು ತಡವಾಯಿತು. ನಿನ್ನೆ ಕಾಲೇಜಿನಿಂದ ಬಂದಾಗ ಅವ್ವ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದಳು, ಬಸ್ಸಿನ ಟಿಕೆಟ್ಟು ಮುಷ್ಟಿಯಲ್ಲಿತ್ತು, ಬೇರೇನೂ ಇರಲಿಲ್ಲ. ಆಕಿ ಕೊಡಲಿಲ್ಲ ಎಂದಳು. ಹೇಗೆ ಮಾತಾಡಿಕೊಂಡರೋ ಇಬ್ಬರೂ! ಕಾಲು ಚಾಚಿ ಕೂತು ಕೇಳಿದಳು: “ನನ್ನ ಕಾಲಿಗೆ ರಕ್ತ ಕರದದ್ದು, ಮಲ್ಲಿ ಗಂಟಿಗೂ ಕರೀತೇನ ನೀಲಾ?” ಯಾರಿಗೂ ಗೊತ್ತಿಲ್ಲ ಅವ್ವ ಎಂದೆ. ಅದು ನಿಜ, ಆದರೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಇವತ್ತು ಬೆಳಿಗ್ಗೆ ಪೂಜೆಯಾದ ಮೇಲೆ ಚಿಕ್ಕ ಬಟ್ಟಲನ್ನು ತೊಳೆದು ಹಲಗೆಯ ಮೇಲೆ ಬೋರಲು ಹಾಕಿದಳು. ಆಮೇಲೆ ಯಾರಿಗೂ ಕೊಡದೆ, ಗೋಡೆಯ ಕಡೆ ತಿರುಗಿ ಕೂತು ಒಬ್ಬಳೇ ಚಹಾ ಕುಡಿದಳು.

ಇನ್ನು ನೀವು ಬಂದು ಏನೂ ಹೇಳಬೇಕಾಗಿಲ್ಲ. ಆದರೂ ಬನ್ನಿ. ಸಂಗಪ್ಪನ ಫೋಟೋ ತನ್ನಿ, ಮೊಳೆ ಇನ್ನೂ ಗೋಡೆಯಲ್ಲೇ ಇದೆ.