ಅಮಾವಾಸ್ಯೆಯ ರಜೆ

ಜಗಳೂರು
5–2–1984, ಭಾನುವಾರ

ನನ್ನ ಮನೆಯವರಿಗೆ, ದುರುಗಕ್ಕ ಮಾಡುವ ನಮಸ್ಕಾರಗಳು.

ಮೊದಲು ಒಂದು ಮಾತು. ಈ ಕಾಗದವನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಓದಬೇಡಿ. ಮನೆಗೆ ಹೋಗಿ, ಕೈಕಾಲು ತೊಳೆದು, ಹೊಟ್ಟೆ ತುಂಬ ಉಂಡು, ಮಾತ್ರೆ ನುಂಗಿ, ಆಮೇಲೆ ಓದಿ. ಒಂದು ನಿದ್ದೆ ಮಾಡಿ ಎದ್ದು ಓದಿದರೆ ಇನ್ನೂ ಒಳ್ಳೆಯದು. ನಗಬೇಡಿ. ಗಂಡನಿಗೆ ಕಾಗದ ಬರೆಯುವ ಹೆಂಡತಿ ಇಷ್ಟೊಂದು ಷರತ್ತು ಹಾಕುವುದುಂಟೇ ಎಂದು ನನಗೂ ಅನಿಸುತ್ತದೆ. ಆದರೆ ನನ್ನ ಮಾತೂ ನಿಮ್ಮನ್ನು ಕೆಡವಬಲ್ಲದು ಎಂದು ಗೊತ್ತಾದ ಮೇಲೆ ನನಗೆ ಬಾಯಿ ತೆರೆಯುವುದಕ್ಕೂ ಭಯ, ಪೆನ್ನು ಹಿಡಿಯುವುದಕ್ಕೂ ಭಯ.

ನಾವು ಇಲ್ಲಿ ಕ್ಷೇಮ. ಮಗಳು ಅಜ್ಜಿಯ ಸೆರಗು ಹಿಡಿದು ಓಡಾಡಿಕೊಂಡಿದ್ದಾಳೆ, ಮೂರು ಹೊತ್ತೂ ನಿಮ್ಮನ್ನು ಕೇಳುತ್ತಾಳೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಅವ್ವನ ಮನೆ ದಾವಣಗೆರೆ ರಸ್ತೆಗೇ ಇರುವುದು ನಿಮಗೆ ಗೊತ್ತಲ್ಲ. ಹಾರ್ನ್ ಕೇಳಿದರೆ ಸಾಕು, ಒಲೆಯ ಮೇಲಿನ ಸಾರು ಬಿಟ್ಟು ಬಾಗಿಲಿಗೆ ಬರುತ್ತೇನೆ. ಬಸ್ಸು ನೆಟ್ಟಗೆ ಹೋಯಿತೋ ಇಲ್ಲವೋ ಎಂದು ನೋಡಿ ಒಳಗೆ ಹೋಗುತ್ತೇನೆ. ಯಾರದೋ ಬಸ್ಸು, ಯಾರೋ ಡ್ರೈವರು. ‘ಬಾಲ ಸುಟ್ಟ ಬೆಕ್ಕಿನ ಹಂಗೆ ಯಾಕೆ ಅಡ್ಡಾಡ್ತೀಯೆ, ಗಂಡನ ಕೂಡ ಜಗಳ ಮಾಡ್ಕಂಡು ಬಂದೀಯೇನು’ ಅಂತ ಅವ್ವ ಕೇಳಿದಳು. ಇಲ್ಲ, ಬಿಸಿಲಿಗೆ ತಲೆ ನೋವು ಎಂದೆ. ಮಾಘ ಮಾಸದಲ್ಲಿ ಎಂಥ ಬಿಸಿಲು! ಅವಳು ನಂಬಲಿಲ್ಲ.

ಯಾರ ಮುಂದಾದರೂ ಬಾಯಿ ಬಿಟ್ಟರೆ ಮತ್ತೆ ಈ ಮನೆಯ ಹೊಸಿಲು ತುಳಿಯಬೇಡ ಎಂದಿದ್ದಿರಿ. ಹೆತ್ತ ತಾಯಿಗೂ ನಾನು ಹೇಳಿಲ್ಲ. ಆದರೆ ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ನಿಮಗೆ ಮೂರ್ಛೆ ಬರುತ್ತದೆ. ನೀವು ಬಸ್ ಓಡಿಸುತ್ತೀರಿ. ಈ ಎರಡು ಮಾತನ್ನು ನಮ್ಮ ಮನೆಯಲ್ಲಿ ಐದು ವರ್ಷದಿಂದ ಯಾರೂ ಒಟ್ಟಿಗೆ ಆಡಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಸಂಸಾರ ಮಾಡಿದ್ದೇವೆ.

ದಾವಣಗೆರೆಯ ಡಾಕ್ಟರು ಹೇಳಿದ್ದು ನೆನಪಿದೆಯೇ? ಯಾವ ದಿನ ಬಂತು, ಅದರ ಹಿಂದಿನ ದಿನ ಏನಾಗಿತ್ತು ಎಂದು ಗುರುತು ಹಾಕಿಡಮ್ಮ ಎಂದು ನನಗೆ ಹೇಳಿದ್ದರು. ನಿಮಗದು ಮರೆತುಹೋಯಿತು, ನಾನು ಮರೆಯಲಿಲ್ಲ. ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ನಾನು ಸೊನ್ನೆ ಸುತ್ತುವುದನ್ನು ಕಂಡು, ಇದೇನು ಎಂದು ನೀವು ಒಮ್ಮೆ ಕೇಳಿದಾಗ, ನನ್ನ ಉಪವಾಸದ ದಿನ ಎಂದು ಸುಳ್ಳು ಹೇಳಿದ್ದೆ. ಹೋದ ಡಿಸೆಂಬರಿನವರೆಗೆ ಎರಡು ವರ್ಷದಲ್ಲಿ ಹನ್ನೆರಡು ಸೊನ್ನೆ. ಎಂಟು ಅಮಾವಾಸ್ಯೆಗೇ ಬಂದಿವೆ. ಇದು ಅಮಾವಾಸ್ಯೆಯ ಕಾಟ ಎಂಬ ಅತ್ತೆಯವರ ಮಾತೇ ನಿಜ ಎಂದು ನಾನೂ ಬಹಳ ದಿನ ನಂಬಿದ್ದೆ.

ಆ ಎರಡು ವರ್ಷದ ಕ್ಯಾಲೆಂಡರುಗಳನ್ನು ಇಲ್ಲಿಗೆ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ಬಂದಿದ್ದೇನೆ. ಮೊನ್ನೆ ಅವನ್ನು ಬಿಡಿಸಿಕೊಂಡು ಕೂತು ಸೊನ್ನೆಗಳ ಹಿಂದಿನ ದಿನಗಳನ್ನು ಒಂದೊಂದಾಗಿ ನೆನೆದೆ. ಅಮಾವಾಸ್ಯೆ ದಿನ ಸ್ಟಿಯರಿಂಗ್ ಮುಟ್ಟಬಾರದು ಎಂದು ನೀವು ಯಜಮಾನ ನಾಗರಾಜಪ್ಪನವರ ಹತ್ತಿರ ರಜೆ ಕೇಳಿಕೊಂಡಿರಿ. ದೇವರ ಕಾರ್ಯ ಎಂದು ಅವರೂ ಒಪ್ಪಿದರು. ಆದರೆ ಆ ರಜೆಗೆ ಬದಲು ಹಿಂದಿನ ದಿನ ಡ್ರೈವರ್ ಮಹೇಶ್ವರಪ್ಪನವರ ಟ್ರಿಪ್ಪುಗಳನ್ನೂ ನೀವೇ ಓಡಿಸಬೇಕು. ಬೆಳಗಿನ ಐದಕ್ಕೆ ಹತ್ತಿದವರು ರಾತ್ರಿ ಹನ್ನೊಂದಕ್ಕೆ ಚನ್ನಗಿರಿಯಲ್ಲಿ ಇಳಿದು, ಬಸ್ಸಿನ ಟಾಪಿನ ಮೇಲೆ ಸೊಳ್ಳೆ ಹೊಡೆಯುತ್ತ ಬಿದ್ದುಕೊಂಡು, ನಾಲ್ಕಕ್ಕೆ ಎದ್ದು ಮೊದಲ ಬಸ್ಸಿಗೆ ಹೊನ್ನಾಳಿಗೆ ಬರುತ್ತಿದ್ದಿರಿ. ಬಂದರೆ ಅತ್ತೆಯವರು ತಲೆಗೆ ನೀರು ಹಾಕಿ, ‘ಉಡಚಮ್ಮಗೆ ಕಾಯಿ ಒಡೆಯೋವರ್ಗೂ ಬಾಯಿಗೆ ಏನೂ ಹಾಕ್ಬ್ಯಾಡ, ಗುಳಿಗೆನೂ ಬ್ಯಾಡ’ ಅನ್ನುತ್ತಿದ್ದರು. ನಿದ್ದೆಯಿಲ್ಲ, ಊಟವಿಲ್ಲ, ಮಾತ್ರೆಯಿಲ್ಲ. ಹನ್ನೊಂದು ಗಂಟೆಗೆ ನೀವು ಪಡಸಾಲೆಯಲ್ಲಿ ಬೀಳುತ್ತಿದ್ದಿರಿ. ‘ನೋಡಿದೇನೆ, ಅಮಾಸೆ ತಪ್ಪಂಗಿಲ್ಲ’ ಅಂತ ಅತ್ತೆಯವರು ನನ್ನ ಕಡೆ ನೋಡುತ್ತಿದ್ದರು.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಯಿತು ನಮ್ಮ ಕಥೆ. ಚಂದ್ರ ಪಾಪ ಏನು ಮಾಡಿದ? ಆ ದಿನ ಬರಬಾರದೆಂದು ನಾವು ಮಾಡಿದ್ದೆಲ್ಲ ಬರಲೆಂದೇ ಮಾಡಿದ ಹಾಗಿತ್ತು. ಉಳಿದ ನಾಲ್ಕು ಸೊನ್ನೆಗಳನ್ನೂ ನೋಡಿದೆ. ಒಂದು ಜ್ವರದಲ್ಲಿ ಹೋಗಿ ಬಂದಾಗ. ಎರಡು ಮದುವೆ ಸೀಸನ್ನಿನಲ್ಲಿ, ಮೂರು ದಿನ ಸರಿಯಾಗಿ ಮಲಗದೆ ದಿಬ್ಬಣದ ಬಸ್ ಓಡಿಸಿದಾಗ. ಇನ್ನೊಂದು, ಯಜಮಾನರು ಎಲ್ಲರ ಎದುರು ಬೈದರೆಂದು ಎರಡು ದಿನ ಬರೀ ಟೀ ಕುಡಿದು ಬೀಡಿ ಸೇದಿಕೊಂಡಿದ್ದಿರಲ್ಲ, ಆಗ. ಡಾಕ್ಟರು ಬೆರಳು ಮಡಿಸಿ ಹೇಳಿದ್ದೂ ಇವನ್ನೇ. ನಾವು ತಾಯಿತ ಕಟ್ಟುವುದರಲ್ಲಿದ್ದೆವು.

ಅಮಾವಾಸ್ಯೆಯ ನಂಬಿಕೆ ಇನ್ನೂ ಒಂದು ಕೇಡು ಮಾಡಿತು. ಉಳಿದ ಇಪ್ಪತ್ತೊಂಬತ್ತು ದಿನ ನಿಮಗೆ ಏನೂ ಆಗದು ಎಂಬ ಧೈರ್ಯ ಕೊಟ್ಟಿತು. ನಾನೂ ಆ ಧೈರ್ಯದಲ್ಲೇ ನಿಮ್ಮ ಬುತ್ತಿ ಕಟ್ಟಿದವಳು. ನನ್ನದು ಇನ್ನೂ ದೊಡ್ಡ ತಪ್ಪು. ಏನು ಕೆಲಸ ಎಂದು ಡಾಕ್ಟರು ಕೇಳಿದಾಗ ‘ಮಂಡಿಯಾಗೆ ಗುಮಾಸ್ತಿಕೆ ಮಾಡ್ತೀನ್ರಿ’ ಅಂದಿರಿ. ‘ಒಳ್ಳೇದಾತು, ಗಾಡಿ ಗೀಡಿ ಓಡಿಸಾಕೆ ಮಾತ್ರ ಹೋಗಬೇಡ್ರಿ’ ಅಂದರು ಅವರು. ನಾನು ಪಕ್ಕದಲ್ಲೇ ಕೂತಿದ್ದೆ. ಸೆರಗಿನ ತುದಿ ಸುತ್ತುತ್ತ ನೆಲ ನೋಡಿದೆ. ಆ ಹೊತ್ತು ನನಗೆ ನಾಚಿಕೆಯಾಗಿತ್ತು, ಈಗ ನನ್ನ ಮೇಲೇ ಹೇಸಿಗೆಯಾಗುತ್ತದೆ.

ನ್ಯಾಮತಿಯ ವಿಷಯ ಬರೆಯದೆ ವಿಧಿಯಿಲ್ಲ. ಜನವರಿ ಇಪ್ಪತ್ತೈದು, ಬುಧವಾರ. ಅಮಾವಾಸ್ಯೆಗೆ ಇನ್ನೂ ಒಂದು ವಾರವಿತ್ತು. ನೀವು ಬಂದು, ಪಿತ್ತ ಕೆರಳಿ ತಲೆ ತಿರುಗಿತು ಎಂದಿರಿ. ಮಾರನೆಯ ದಿನ ಕ್ಲೀನರ್ ಬೋರಣ್ಣ ನಿಮ್ಮ ಟವೆಲ್ಲು ಕೊಡಲು ಬಂದವನು ನನ್ನ ಮುಖ ನೋಡಿ ತಡೆಯಲಾರದೆ ಎಲ್ಲ ಹೇಳಿದ. ‘ಟೀ ಅಂಗಡಿ ಮುಂದೆ ಬಿದ್ದರು ಅಕ್ಕಾರೆ. ಕೈಯಾಗೆ ಕಬ್ಬಿಣ ಇರಲಿ ಅಂತ ಜಾಕಿ ರಾಡು ಹಿಡಿಸಿದ್ವಿ’ ಅಂದ. ಪಾಪ, ಅವನಿಗೆ ತಿಳಿದದ್ದು ಅಷ್ಟು. ಕಬ್ಬಿಣಕ್ಕೆ ಅದು ಹೆದರುವುದಾದರೆ ದಿನವೆಲ್ಲ ಅಷ್ಟು ದೊಡ್ಡ ಕಬ್ಬಿಣದೊಳಗೆ ಕೂತಿರುವ ನಿಮ್ಮ ಹತ್ತಿರ ಅದು ಸುಳಿಯಲೇಬಾರದಿತ್ತು! ಆಮೇಲೆ ಅವನು ಹೇಳಿದ ಮಾತಿಗೆ ನನ್ನ ನಗು, ಅಳು ಎರಡೂ ನಿಂತವು. ನೀವು ಇಳಿಯುವುದಕ್ಕೆ ಹತ್ತು ನಿಮಿಷ ಮೊದಲು ಬಸ್ಸು ತುಂಬಿತ್ತಂತೆ. ಹೈಸ್ಕೂಲಿನ ಏಳೆಂಟು ಹೆಣ್ಣುಮಕ್ಕಳು ಜಾಗವಿಲ್ಲದೆ ನಿಮ್ಮ ಪಕ್ಕದ ಬಾನೆಟ್ಟಿನ ಮೇಲೆ ಕೂತು ಪಾಠ ಒಪ್ಪಿಸಿಕೊಳ್ಳುತ್ತಿದ್ದರಂತೆ. ಅವರನ್ನು ಇಳಿಸಿ, ಬಿದ್ದು, ಎದ್ದು, ಮುಖ ತೊಳೆದು, ಅರ್ಧ ಗಂಟೆಯ ಮೇಲೆ ನೀವು ಅದೇ ಬಸ್ಸನ್ನು ಶಿವಮೊಗ್ಗಕ್ಕೆ ಓಡಿಸಿಕೊಂಡು ಹೋದಿರಿ. ಹೆಂಗೆ ಮನಸ್ಸು ಬಂತು ನಿಮಗೆ?

ಬೈಯುತ್ತಿದ್ದೇನೆ, ನೋಡಿ. ಬೈಯಬಾರದೆಂದೇ ಊರು ಬಿಟ್ಟು ಬಂದವಳು. ಈ ಸಾಲು ಬರೆಯುವ ಮೊದಲು ಎದ್ದು ಹೋಗಿ ಎರಡು ಕೊಡ ನೀರು ಸೇದಿ ಬಂದೆ.

ಆ ಬುಧವಾರಕ್ಕೂ ಒಂದು ಹಿಂದಿನ ದಿನ ಇತ್ತಲ್ಲ. ಮಂಗಳವಾರ ಸಂಜೆ ಬಟ್ಟೆ ಒಗೆಯಲು ತೆಗೆದಾಗ ನಿಮ್ಮ ಅಂಗಿಯ ಜೇಬಿನಲ್ಲಿ ನಾಲ್ಕು ಮಾತ್ರೆ ಸಿಕ್ಕವು. ನುಂಗಿದರೆ ಮಂಪರು ಬರುತ್ತದೆ, ಸ್ಟಿಯರಿಂಗ್ ಮೇಲೆ ತೂಕಡಿಕೆ ಬರುತ್ತದೆ ಎಂದಿರಿ. ನಾನು ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ನೀವು ತಟ್ಟೆ ಬಿಟ್ಟು ಎದ್ದು ಸ್ಟ್ಯಾಂಡಿಗೆ ಹೋಗಿ ಬಸ್ಸಿನಲ್ಲೇ ಮಲಗಿದಿರಿ. ಮಾತ್ರೆ ತಪ್ಪಿಸಿದ್ದು ನೀವು. ಊಟ, ನಿದ್ದೆ ತಪ್ಪಿಸಿದ್ದು ನಾನು. ಆ ಸೊನ್ನೆಯಲ್ಲಿ ಅರ್ಧ ನನ್ನದು. ಅದಕ್ಕೇ ಮಗಳನ್ನು ಕರೆದುಕೊಂಡು ಬಂದೆ. ನಿಮ್ಮ ಮೇಲಿನ ಕೋಪಕ್ಕಲ್ಲ. ಎದುರಿಗಿದ್ದರೆ ಸುಮ್ಮನಿರಲಾರೆ, ಸುಮ್ಮನಿರದಿದ್ದರೆ ನಿಮಗೆ ಕೇಡು. ದೂರವಿದ್ದರೆ ಆ ಬಾನೆಟ್ಟಿನ ಮೇಲೆ ಕೂತ ಮಕ್ಕಳು ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಆದ್ದರಿಂದ ಕೈ ಮುಗಿದು ಕೇಳುತ್ತೇನೆ. ಯಜಮಾನರ ಹತ್ತಿರ ನೀವೇ ಹೋಗಿ ಹೇಳಿ. ಮರ್ಯಾದಸ್ಥರು, ಊರೆಲ್ಲ ಡಂಗುರ ಹೊಡೆಯುವವರಲ್ಲ. ಸ್ಟ್ಯಾಂಡಿನಲ್ಲಿ ಸೀಟು ಬುಕ್ಕಿಂಗಿಗೆ ಒಬ್ಬರು ಬೇಕೆಂದು ಅವರೇ ಹೇಳುತ್ತಿದ್ದರಲ್ಲ. ‘ಹದಿನಾಲ್ಕು ವರ್ಷ ಬಸ್ ಓಡಿಸಿದೋನು ಟಿಕೆಟ್ ಹರಿಯಾಕೆ ಕೂರಬೇಕೇನೆ’ ಅಂತ ನೀವು ಹಲ್ಲು ಕಡಿಯುವುದು ನನಗೆ ಇಲ್ಲಿಗೇ ಕೇಳುತ್ತದೆ. ಕೂರಬೇಕು. ಹೊತ್ತಿಗೆ ಸರಿಯಾಗಿ ಉಣ್ಣಬಹುದು, ಮಲಗಬಹುದು. ಮಂಪರು ಬಂದರೆ ಮೇಜಿನ ಮೇಲೆ ತಲೆ ಇಡಬಹುದು, ಯಾರ ಮಕ್ಕಳೂ ಸಾಯುವುದಿಲ್ಲ. ಅಮಾವಾಸ್ಯೆಗೆ ರಜೆಯೂ ಬೇಕಾಗುವುದಿಲ್ಲ.

ನೀವು ಸ್ಟಿಯರಿಂಗ್ ಹಿಡಿದರೆ ಹೊನ್ನಾಳಿ ಸೇತುವೆ ಅಗಲವಾಗುತ್ತದೆ ಎಂದು ಜನ ಹೇಳುವಾಗ ನನಗೆಷ್ಟು ಹೆಮ್ಮೆಯಿತ್ತು ಎಂಬುದು ನಿಮಗೆ ಗೊತ್ತಿಲ್ಲ. ನಿಮ್ಮಿಂದ ಅದನ್ನು ಕಿತ್ತುಕೊಳ್ಳುವುದು ನನಗೆ ಸುಲಭವಲ್ಲ. ಅತ್ತೆಯವರಿಗೆ ನಮಸ್ಕಾರ ತಿಳಿಸಿ. ಅವರ ಮೇಲೆ ರೇಗಬೇಡಿ, ಅವರಿಗೆ ಇರುವವರು ನೀವೊಬ್ಬರೇ.

ಇಂತಿ ನಿಮ್ಮ ದಾರಿ ಕಾಯುತ್ತಿರುವ,
ದುರುಗಕ್ಕ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು: ನೀವೇ ಹೇಳಿ ಎಂದು ಮೇಲೆ ಬರೆದದ್ದು ನಾಟಕ. ಇದು ನಿಮ್ಮ ಕೈ ಸೇರುವ ಹೊತ್ತಿಗೆ ಯಜಮಾನರು ನಿಮ್ಮನ್ನು ಬಸ್ಸಿನಿಂದ ಇಳಿಸಿರುತ್ತಾರೆ. ಶುಕ್ರವಾರವೇ ನನ್ನ ತಮ್ಮ ಯರ್ರಿಸ್ವಾಮಿಯ ಕೈಯಲ್ಲಿ ಅವರಿಗೆ ಕಾಗದ ಅಂಟಿಸಿ ಕಳಿಸಿದೆ. ಅದರಲ್ಲಿ ಏನಿದೆಯೆಂದು ಅವನಿಗೂ ಗೊತ್ತಿಲ್ಲ. ಹೇಳಿದವಳು ನಾನೇ ಎಂದು ತಿಳಿದಾಗ ನೀವು ಬಸ್ಸಿನ ಸೀಟಿನಲ್ಲಿ ಇರಬಾರದು, ಅದಕ್ಕೇ ಇದನ್ನು ತಡವಾಗಿ ಬರೆದೆ. ಬೋರಣ್ಣನ ಮೇಲೆ ಅನುಮಾನ ಪಡಬೇಡಿ. ಯಾರ ವಿಷಯವೆಂದು ಯಜಮಾನರಿಗೆ ತಿಳಿಯಬೇಕಲ್ಲ, ನಿಮ್ಮ ಹೆಸರು ಬರೆಯಬೇಕಾಯಿತು. ಮದುವೆಯಾಗಿ ಒಂಬತ್ತು ವರ್ಷ, ಒಡಪಿನಲ್ಲಿ ಬಿಟ್ಟರೆ ಒಂದು ಸಲವೂ ಬಾಯಲ್ಲಿ ತರದ ಹೆಸರು. ತಿಪ್ಪೇಶಪ್ಪ ಎಂದು ಮೊದಲ ಸಲ ಕೈಯಾರೆ ಬರೆದದ್ದು ನಿಮ್ಮ ಕೆಲಸ ಕಳೆಯುವುದಕ್ಕೆ. ಹೊಸಿಲು ತುಳಿಯಬೇಡ ಎಂದರೆ ತುಳಿಯುವುದಿಲ್ಲ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ. ಬದುಕಿದ್ದು ಬೈಯಿರಿ.