ಏಳನೆಯ ಹಾಡಿನ ತಾಳ

ಲೋ ಗಡಿಯಾರ,

ತಾಳ ತಪ್ಪದವನೆಂದು ನಾವೇ ನಿನಗಿಟ್ಟ ಹೆಸರು. ನೀನು ತೀರಿಕೊಂಡು ಆರು ವರ್ಷವಾದ ಮೇಲೆ ಕಂಪನಿಯವರಿಗೆ ನಮ್ಮ ರಾಕ್ ಬ್ಯಾಂಡಿನ ಕೊನೆಯ ಆಲ್ಬಮ್ ನೆನಪಾಗಿದೆ. ಮತ್ತೆ ಬಿಡುಗಡೆ ಮಾಡುತ್ತಾರಂತೆ. ಇವತ್ತು ಬೆಳಿಗ್ಗೆ ಸ್ಟುಡಿಯೋದಲ್ಲಿ ಹಳೆಯ ಟೇಪುಗಳನ್ನು ತೆಗೆದರು. ಏಳನೆಯ ಹಾಡಿಗೆ ಬಂದಾಗ ಸೌಂಡ್ ಎಂಜಿನಿಯರಮ್ಮ, "ಸರ್, ಇದ್ರಲ್ಲಿ ಡ್ರಮ್ಸ್ ಎರಡು ಸಲ ರೆಕಾರ್ಡ್ ಆಗಿದೆಯಲ್ಲ?" ಎಂದರು.

ಆಗಿತ್ತು. ಆಗಲೇ ನಿನ್ನ ಕೈ ನಡುಗುತ್ತಿತ್ತು. ನೀನು ಮನೆಗೆ ಹೋದ ಮೇಲೆ ನಾನು ಬೇರೊಬ್ಬನನ್ನು ಕರೆಸಿ, ನಿನ್ನದೇ ಸ್ಟೂಲಿನ ಮೇಲೆ ಕೂರಿಸಿ ನುಡಿಸಿಕೊಂಡಿದ್ದೆ. ಬಿಡುಗಡೆಯ ದಿನ ನಿನ್ನ ಬೆನ್ನು ತಟ್ಟಿ, "ಏನ್ ಬಾರಿಸಿದೀಯೋ!" ಎಂದೆ. ನೀನು ನಕ್ಕೆ.

ಅವರು ನೀನು ನುಡಿಸಿದ್ದನ್ನು ಹಾಕಿದರು. ಹಾಡು ಮುಗಿದ ಮೇಲೂ ಟೇಪು ಓಡುತ್ತಿತ್ತು. ಕೋಲುಗಳನ್ನು ಕೆಳಗಿಟ್ಟ ಸದ್ದು. ಆಮೇಲೆ ಆಗಿನ ಎಂಜಿನಿಯರಿಗೆ ನೀನು ಹೇಳಿದ ಮಾತು:

"ಇದು ಆಗಲ್ಲ ಬಿಡಿ. ನಮ್ಮ ಹಾಡುಗಾರ ಬೇರೆ ಯಾರನ್ನಾದ್ರೂ ಕರೆಸ್ತಾನೆ, ಕರೆಸ್ಲಿ. ನನಗೆ ಗೊತ್ತು ಅಂತ ಮಾತ್ರ ಅವನಿಗೆ ಹೇಳ್ಬೇಡಿ. ಪಾಪ, ಒದ್ದಾಡ್ತಾನೆ."

ನಾನು ಹೊರಗೆ ಹೋಗಿ ನೀರು ಕುಡಿದು ಬಂದೆ. "ಆಲ್ಬಮ್‌ಗೆ ಇದನ್ನೇ ಹಾಕಿ" ಎಂದೆ.

"ತಾಳ ಜಾರುತ್ತೆ ಸರ್. ನಿಮ್ಮ ದನಿ ಮುಂದೆ ಓಡ್ಬಿಡುತ್ತೆ."

"ಮತ್ತೆ ಹಾಡ್ತೀನಿ."

ಎಪ್ಪತ್ತರ ಗಂಟಲು, ಹಳೇ ಬಾಗಿಲಿನ ಹಾಗೆ ಕಿರುಗುಟ್ಟಿತು. ಎರಡನೆಯ ಚರಣಕ್ಕೆ ಮುಂಚೆ ನಿನ್ನ ಕೈ ತಡವರಿಸುತ್ತದಲ್ಲ, ಅಲ್ಲಿ ಉಸಿರು ಬಿಗಿಹಿಡಿದು ಕಾದೆ.

ನೀನು ಬಂದೆ ಕಣೋ.